ಮೋಟ್ರು ಹೊರಡುವಾಗ ಎಷ್ಟು ಕರೆಂಟು ಎಳೆಯುತ್ತೆ?

"ಲೋ ವೋಲ್ಟೇಜ್ ಇದೆ, ಮೋಟ್ರು ಆನ್ ಮಾಡಬೇಡ, ಸುಟ್ಟು ಹೋಗುತ್ತೆ" ಎಂದು ದೊಡ್ಡವರು ಹೇಳುವುದನ್ನು ಮೊಸಳೆಯ ತೋಟಗಳಲ್ಲಿ ನಾವೆಲ್ಲ ಕೇಳಿದ್ದೇವೆ. ವೋಲ್ಟೇಜ್ ಕಡಿಮೆಯಾದರೆ ಕರೆಂಟೂ ಕಡಿಮೆಯಾಗಬೇಕಲ್ಲವೇ? ಮತ್ತೆ ಸುಡುವುದು ಹೇಗೆ? ಇದು ತಿಳಿಯಬೇಕಾದರೆ ಮೋಟ್ರು ಹೊರಡುವ ಕ್ಷಣದ ವಿದ್ಯುತ್ ಪ್ರವಾಹವನ್ನು ಅಳೆಯಬೇಕು.

ಸ್ಟಾರ್ಟರ್ ಪೆಟ್ಟಿಗೆಯ ಆಂಪಿಯರ್ ಮೀಟರಿನಲ್ಲಿ ಮುಳ್ಳು ಒಮ್ಮೆ ಎಗರಿ ಕೆಳಗಿಳಿಯುತ್ತದೆ. ಎಷ್ಟಕ್ಕೆ ಹೋಗಿತ್ತು ಎಂದು ಓದಲು ಆಗುವುದಿಲ್ಲ. ಇಂಥ ಕ್ಷಣದ ಬದಲಾವಣೆಯನ್ನು ಗೆರೆಯಾಗಿ ಬರೆದು ತೋರಿಸುವ ಯಂತ್ರವೇ ಆಸಿಲೋಸ್ಕೋಪ್. ಇದಕ್ಕೆ ಮೂಲವಾದ ಕೊಳವೆಯನ್ನು 1897ರಲ್ಲಿ ಜರ್ಮನಿಯ ಫರ್ಡಿನೆಂಡ್ ಬ್ರೌನ್ ತಯಾರಿಸಿದರು. ಪರದೆಯ ಮೇಲೆ ಅಡ್ಡಕ್ಕೆ ಕಾಲ, ಉದ್ದಕ್ಕೆ ವೋಲ್ಟ್.

ಆದರೆ ಒಂದು ತೊಡಕಿದೆ. ಆಸಿಲೋಸ್ಕೋಪಿಗೆ ವೋಲ್ಟ್ ಮಾತ್ರ ಕಾಣುತ್ತದೆ, ಆಂಪಿಯರ್ ಕಾಣುವುದಿಲ್ಲ. ಇಲ್ಲಿ ಓಮ್ ನಿಯಮ ನೆರವಿಗೆ ಬರುತ್ತದೆ. ಕರೆಂಟು ಹರಿಯುವ ದಾರಿಯಲ್ಲಿ, ಬೆಲೆ ಗೊತ್ತಿರುವ ಒಂದು ಚಿಕ್ಕ ರೋಧಕವನ್ನು ಸರಣಿಯಲ್ಲಿ ಜೋಡಿಸಬೇಕು. ಇದಕ್ಕೆ ಷಂಟ್ ಎನ್ನುತ್ತಾರೆ. ಅದರ ಎರಡು ತುದಿಗಳ ನಡುವಿನ ವೋಲ್ಟನ್ನು ಅಳೆದು, ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ.

ಉದಾಹರಣೆ: 6 ವೋಲ್ಟ್ ಬ್ಯಾಟರಿ, ಅರ್ಧ ಆಂಪಿಯರಿನ ತಂತಿ ಬಲ್ಬು, 0.1 ಓಮ್ ಷಂಟ್.

ಬ್ಯಾಟರಿ (+) → ಸ್ವಿಚ್ → ಬಲ್ಬು → ಷಂಟ್ → ಬ್ಯಾಟರಿ (−)

ಬಲ್ಬು ಉರಿಯುವಾಗ ಷಂಟಿನ ಮೇಲೆ 50 ಮಿಲಿವೋಲ್ಟ್ ಕಾಣುತ್ತದೆ.

0.05 ÷ 0.1 = 0.5 ಆಂಪಿಯರ್

ಷಂಟ್ ಯಾಕೆ ಇಷ್ಟು ಚಿಕ್ಕದು? 12 ಓಮ್ ಹಾಕಿದರೆ ಬಲ್ಬೇ ಮಂಕಾಗುತ್ತದೆ. ನೀರು ಅಳೆಯಲು ಹೋಗಿ ಕಾಲುವೆಗೇ ಕಟ್ಟೆ ಹಾಕಿದ ಹಾಗೆ!

ಸ್ವಿಚ್ ಹಾಕಿದ ಕ್ಷಣದಲ್ಲಿ ಗೆರೆ ಮೇಲಕ್ಕೆ ನೆಗೆದು, ಆಮೇಲೆ 50ಕ್ಕೆ ಇಳಿದು ನಿಲ್ಲುತ್ತದೆ. ತಣ್ಣಗಿರುವ ಬಲ್ಬಿನ ತಂತಿಗೆ ರೋಧ ಬಹಳ ಕಡಿಮೆ, ಅದಕ್ಕೇ ಈ ನೆಗೆತ.

ಪಂಪ್‌ಸೆಟ್ಟಿನಲ್ಲೂ ಇಂಥದೇ ನೆಗೆತ ಇದೆ, ಕಾರಣ ಮಾತ್ರ ಬೇರೆ. ನಿಂತಿರುವ ಮೋಟ್ರನ್ನು ನೇರವಾಗಿ ಚಾಲೂ ಮಾಡಿದರೆ ಸಾಮಾನ್ಯವಾಗಿ 5ರಿಂದ 7 ಪಟ್ಟು ಕರೆಂಟು ಎಳೆಯುತ್ತದೆ. ವೇಗ ಹಿಡಿದ ಮೇಲೆ ಇಳಿಯುತ್ತದೆ. ವೋಲ್ಟೇಜ್ 100ರಲ್ಲಿ 80 ಪಾಲು ಮಾತ್ರ ಇದ್ದರೆ ತಿರುಗಿಸುವ ಬಲ 64 ಪಾಲಿಗೆ ಕುಸಿಯುತ್ತದೆ. ಆಗ ಮೋಟ್ರು ತಿರುಗಲಾರದೆ ಗುಂಯ್‌ಗುಟ್ಟುತ್ತದೆ, ಏರಿದ ಕರೆಂಟು ಇಳಿಯುವುದೇ ಇಲ್ಲ. ಕರೆಂಟು 5 ಪಟ್ಟಾದರೆ ಶಾಖ 5 × 5 = 25 ಪಟ್ಟು! ಕಾಯಿಲ್ ಸುಡುವುದು ಹೀಗೆ. ಹಾಗಾಗಿ ಗುಂಯ್ ಎಂದ ಕೂಡಲೇ ಆಫ್ ಮಾಡಬೇಕು.

ಎಚ್ಚರಿಕೆ: ಈ ಷಂಟ್ ಪ್ರಯೋಗ ಬ್ಯಾಟರಿಯಲ್ಲಿ ಮಾತ್ರ, ಅದೂ ಮೇಷ್ಟ್ರ ಎದುರಿನಲ್ಲೇ. ಮನೆಯ ಅಥವಾ ಮೋಟ್ರಿನ ಲೈನಿಗೆ ಖಂಡಿತ ಜೋಡಿಸಬೇಡಿ. ಪ್ಲಗ್ಗಿಗೆ ಹಾಕುವ ಆಸಿಲೋಸ್ಕೋಪಿನ ಕ್ಲಿಪ್ಪು ಸಾಮಾನ್ಯವಾಗಿ ಅರ್ಥಿಂಗಿಗೆ ಸೇರಿರುತ್ತದೆ. ಅದು ಫೇಸ್ ತಂತಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಅರ್ಥಿಂಗ್ ತೆಗೆದರೆ ಯಂತ್ರದ ಮೈಗೇ ಕರೆಂಟು ಬಂದು ಪ್ರಾಣ ಹೋಗಬಹುದು. ಮೋಟ್ರಿನ ಕರೆಂಟನ್ನು ತಿಳಿದವರು ತಂತಿಯ ಸುತ್ತ ಹಿಡಿಯುವ ಕ್ಲಾಂಪ್ ಮೀಟರಿನಿಂದ ಅಳೆಯುತ್ತಾರೆ.

ನಿಮಗೊಂದು ಲೆಕ್ಕ: 0.1 ಓಮ್ ಷಂಟಿನ ಮೇಲೆ 30 ಮಿಲಿವೋಲ್ಟ್ ಇದ್ದರೆ ಪ್ರವಾಹ ಎಷ್ಟು? ಉತ್ತರ ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.