ಮುಳ್ಳಯ್ಯನಗಿರಿ: ಮಕ್ಕಳೊಂದಿಗೆ ಹತ್ತುವ ಮೊದಲು

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ. ಸರ್ಪದಾರಿ ಎಂಬ ಕಾಲುಹಾದಿಯಲ್ಲಿ 3-4 ಕಿ.ಮೀ. ಏರು. ನಡೆದು ಅಭ್ಯಾಸವಿರುವ ಎಂಟು-ಹತ್ತು ವರ್ಷದ ಮಕ್ಕಳೂ ಹತ್ತಬಲ್ಲರು. ಆದರೆ ಬಿಸಿಲು ಕಾಯುತ್ತಿದ್ದ ಇಳಿಜಾರಿಗೆ ನೋಡನೋಡುತ್ತಲೇ ಮಂಜು ಕವಿಯುವ ಜಾಗವಿದು. ಹಾಗಾಗಿ ಇಳಿಯುವ ಲೆಕ್ಕ ಮೊದಲು, ಏರುವ ಲೆಕ್ಕ ಆಮೇಲೆ.

1. ದಿನ ಆರಿಸಿ
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಗಾಳಿ, ಜಾರುವ ಹುಲ್ಲು, ಇಂಬಳದ ಕಾಟ, ಮಕ್ಕಳೊಂದಿಗೆ ಬೇಡ. ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ನವೆಂಬರ್‌ನಿಂದ ಫೆಬ್ರುವರಿ ಅನುಕೂಲ. ಹಿಂದಿನ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್ ಇದೆ. ಚಾರಣದ ಅನುಮತಿ, ವಾಹನ ನೋಂದಣಿಯ ನಿಯಮಗಳನ್ನೂ ಆಗಲೇ ವಿಚಾರಿಸಿ.

2. ಚೀಲ ಕಟ್ಟಿ
ಶಿಖರ ಊರಿಗಿಂತ ಸುಮಾರು 800 ಮೀಟರ್ ಮೇಲಿದೆ. ಅಂದರೆ ಐದು ಡಿಗ್ರಿಯಷ್ಟು ಹೆಚ್ಚು ಚಳಿ, ಜತೆಗೆ ಗಾಳಿ. ಜೀನ್ಸ್ ನೆನೆದರೆ ಬೇಗ ಒಣಗದು, ಮೈ ಬಿಸಿ ಆರಿಸುತ್ತದೆ. ಬೇಗ ಒಣಗುವ ಪ್ಯಾಂಟ್ ಹಾಕಿ. ಕೊಡೆ ಗಾಳಿಗೆ ನಿಲ್ಲದು, ರೇನ್‌ಕೋಟ್ ಇರಲಿ. ಸ್ವೆಟರ್, ಒಣ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ದಾರಿಯಲ್ಲಿ ನೀರು ಸಿಗುತ್ತದೆಂದು ನಂಬಬೇಡಿ. ದೊಡ್ಡವರಿಗೆ ತಲಾ 2 ಲೀಟರ್ ಒಯ್ಯಿರಿ. ಬಾಳೆಹಣ್ಣು, ಚಿಕ್ಕಿ, ಸುತ್ತಿದ ಚಪಾತಿ ಸಾಕು. ಪ್ರತಿ ಮಗುವಿನ ಕೊರಳಿಗೊಂದು ಸೀಟಿ.

3. ಹೊತ್ತು ಗೊತ್ತು ಮಾಡಿ
ಬೆಳಿಗ್ಗೆ 7ಕ್ಕೆ ನಡಿಗೆ ಶುರುವಾಗಲಿ. 11 ಗಂಟೆಗೂ ತುದಿ ದೂರವಿದ್ದರೆ ಅಲ್ಲಿಂದಲೇ ತಿರುಗಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಹೋಂಸ್ಟೇಯವರಿಗೆ ಹೇಳಿ ಹೊರಡಿ.

4. ಒಟ್ಟಿಗೆ ನಡೆಯಿರಿ
ನಿಧಾನವಾಗಿ ನಡೆಯುವವರು ಮುಂದೆ, ಗಟ್ಟಿಗರೊಬ್ಬರು ಕೊನೆಗೆ. ಮಂಜು ಕವಿದರೆ ಒಂದೆಡೆ ಸೇರಿ, ಸ್ವೆಟರ್ ಹಾಕಿಕೊಂಡು, ದಾರಿ ಕಾಣುವವರೆಗೆ ನಿಲ್ಲಿ. ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯಬೇಡಿ.

5. ಗುಡುಗಿದರೆ
ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಬೆಟ್ಟದ ಏಣಿನಿಂದ ತಕ್ಷಣ ಇಳಿಯಿರಿ. ಒಂಟಿಮರ, ತಂತಿಬೇಲಿಯಿಂದ ದೂರವಿರಿ. ಗಾಜು ಏರಿಸಿದ ಕಾರಿನೊಳಗೆ ಕೂರುವುದು ಕ್ಷೇಮ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ತುರ್ತಿಗೆ 112.

6. ಇಳಿಯುವ ದಾರಿ
ರಸ್ತೆ ಶಿಖರದ ಮೆಟ್ಟಿಲುಗಳ ಬುಡದವರೆಗೂ ಇದೆ. ತುದಿ ತಲುಪಿದ ಮೇಲೆ ಹವೆ ಕೆಟ್ಟರೆ ಒದ್ದೆ ಕಾಲುಹಾದಿ ಬಿಟ್ಟು ಮೆಟ್ಟಿಲಿಳಿದು ರಸ್ತೆ ಸೇರಿ. ವಾಹನ ಎಲ್ಲಿ ಸಿಗುತ್ತದೆಂದು ಚಾಲಕರೊಡನೆ ಮೊದಲೇ ಮಾತಾಡಿಕೊಳ್ಳಿ.

ಅರ್ಧದಿಂದಲೇ ಮರಳಬೇಕಾಗಬಹುದು ಎಂದು ಮಕ್ಕಳಿಗೆ ಬೆಳಿಗ್ಗೆಯೇ ಹೇಳಿಡಿ. ಅವರು ಒಪ್ಪುತ್ತಾರೆ, ಹಟ ಹಿಡಿಯುವವರು ಸಾಮಾನ್ಯವಾಗಿ ಅಪ್ಪಂದಿರು.