ಗೇರೆಣ್ಣೆಗೂ ಮುಂಚೆ ಬಿಸಿಲು

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಪಕಾಸು, ರೀಪುಗಳಿಗೆ ಗೇರೆಣ್ಣೆ ಹಚ್ಚುವುದು ಹಳೆಯ ರೂಢಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯ ಫೀನಾಲಿಕ್ ಅಂಶಗಳು ಶಿಲೀಂಧ್ರಕ್ಕೂ ಆಗವು, ಹುಳಕ್ಕೂ ಆಗವು. ಆದರೆ ಹಚ್ಚುವ ಕ್ರಮ ತಪ್ಪಿದರೆ ಎಣ್ಣೆಯೂ ದಂಡ, ಕೂಲಿಯೂ ದಂಡ.

1. ಮೊದಲು ಒಣಗಿಸಿ. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುವ ಮರದಲ್ಲಿ ಕುಂಬು ಹಿಡಿಸುವ ಶಿಲೀಂಧ್ರ ಬೆಳೆಯಲಾರದು. ಹಸಿ ಮರಕ್ಕೆ ಬಳಿದರೆ ಎಣ್ಣೆ ಒಳಗಿಳಿಯುವುದಿಲ್ಲ, ಒಳಗಿನ ನೀರೂ ಸಲೀಸಾಗಿ ಹೊರಬರುವುದಿಲ್ಲ. ಶಿವರಾತ್ರಿ ಕಳೆದ ಮೇಲಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಕಾಲ.

2. ಉಳಿಯಿಂದ ಚುಚ್ಚಿ ನೋಡಿ. ಸೂರಿನಂಚಿನ ಪಕಾಸಿನ ತುದಿಯಿಂದಲೇ ಶುರುಮಾಡಿ, ನೀರು ಮೊದಲು ಕೂರುವುದು ಅಲ್ಲೇ. ಉಳಿ ಮೆತ್ತಗೆ ಒಳಹೋಯಿತೇ? ಮರ ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಉಜ್ಜಿದರೆ ಕಂದು ಪುಡಿ ಉದುರುತ್ತಿದೆಯೇ? ಹಾಗಿದ್ದರೆ ಯಾವ ಎಣ್ಣೆಯೂ ಅದನ್ನು ಉಳಿಸದು. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಬೇರೆ ತುಂಡು ಕೂಡಿಸಿ.

3. ಕೊಯ್ದ ತುದಿಗಳಿಗೆ ಧಾರಾಳವಾಗಿ ಕುಡಿಸಿ. ಮರ ಎಣ್ಣೆಯನ್ನೂ ನೀರನ್ನೂ ಅತಿ ಹೆಚ್ಚು ಹೀರುವುದು ಅಲ್ಲಿಂದ. ಹೊಸ ತುಂಡಾದರೆ ಗೋಡೆಯೊಳಗೆ ಸೇರಿಸುವ ಮೊದಲೇ ತುದಿ ಅದ್ದಿಡಿ. ಉಳಿದ ಕಡೆ ತೆಳುವಾಗಿ ಎರಡು ಕೈ, ನಡುವೆ ಒಣಗಲು ಬಿಡುವು.

4. ಕೆಚ್ಚು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಸಾಗುವಾನಿಯ ಕೆಚ್ಚಿನಲ್ಲಿ ಮರವೇ ತುಂಬಿಟ್ಟ ರಕ್ಷಕ ಸಾರಗಳಿವೆ. ಹೊರಸುತ್ತಿನ ಬಿಳಿ ಭಾಗಕ್ಕೆ ಆ ಭಾಗ್ಯವಿಲ್ಲ. ಎಣ್ಣೆ ಖರ್ಚಾಗಬೇಕಾದ್ದು ಅಲ್ಲಿ.

5. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಬೇವಿನೆಣ್ಣೆಯ ಹೆಚ್ಚುಗಾರಿಕೆ ಹುಳದ ಮೇಲೆ. ಅದರ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ, ಹಾಗಾಗಿ ಒಳಾಂಗಣಕ್ಕೇ ಸರಿ. ಹಸಿ ಅಗಸೆ ಎಣ್ಣೆಯಂತೂ ಬೂಷ್ಟಿಗೆ ಊಟ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಿದರೆ ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹರವಿ ಒಣಗಿಸಿ.

6. ಕೈಗವಸು ಬೇಕೇ ಬೇಕು. ಗೇರೆಣ್ಣೆ ತಾಗಿದ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ‘ನೈಸರ್ಗಿಕ’ ಎಂದು ನಂಬಿ ಮಣೆ, ಮರಿಗೆಗಳಿಗೆ ಬಳಿಯಲು ಹೋಗಬೇಡಿ.

7. ಮಣ್ಣಲ್ಲಿ ಹೂತ ಬೇಲಿಗೂಟಕ್ಕೆ ಇದನ್ನು ನೆಚ್ಚಬೇಡಿ, ಕಲ್ಲುಕಂಬವೇ ವಾಸಿ. ಮನೆಯ ಮರದ ಕಂಬ ಕಲ್ಲಿನ ಪೀಠದ ಮೇಲೆ ನಿಲ್ಲಲಿ. ಇರಚಲು ಹೊಡೆಯುವ ಕಡೆ ಪ್ರತಿ ಬೇಸಿಗೆಗೂ ಮತ್ತೊಂದು ಕೈ ಬಳಿಯಿರಿ.