ಇಪ್ಪತ್ತೈದು ಗಂಟೆಗಳ ಭಾನುವಾರ



"ಏನು ಮಾಡೋಣ, ಸಮಯವೇ ಸಿಗುವುದಿಲ್ಲ" ಎಂಬ ಮಾತನ್ನು ನಾವು ಎಷ್ಟು ಸಲ ಹೇಳಿಲ್ಲ! ಮಕ್ಕಳೊಡನೆ ಕೂರಲು ಸಮಯವಿಲ್ಲ. ಸಂಜೆಯ ಜಪಸರಕ್ಕೆ ಸಮಯವಿಲ್ಲ. ಊರಲ್ಲಿರುವ ತಾಯಿಯೊಡನೆ ಎರಡು ಮಾತನಾಡಲು ಸಮಯವಿಲ್ಲ. ಹಾಗಾದರೆ ಸಮಯ ಸಿಕ್ಕಿಬಿಟ್ಟರೆ? ಎಲ್ಲರೂ ಮನೆಯಲ್ಲೇ ಇರಿ ಎಂದು ಸರ್ಕಾರವೇ ಹೇಳಿ, ಅದರ ಮೇಲೆ ಆ ದಿನಕ್ಕೆ ಒಂದು ಗಂಟೆ ಹೆಚ್ಚಾಗಿಯೂ ಸಿಕ್ಕರೆ? ನಮ್ಮ ಕುಟುಂಬ ತಾನಾಗಿಯೇ ಒಂದಾಗಿಬಿಡುತ್ತದೆಯೇ?

ಅಂಥದೊಂದು ಭಾನುವಾರ ನಿಜವಾಗಿಯೂ ಬಂದಿತ್ತು. ಅದು 2020ರ ಅಕ್ಟೋಬರ್ 25. ಊರು, ಐರ್ಲೆಂಡಿನ ರಾಜಧಾನಿ ಡಬ್ಲಿನ್. ನಮ್ಮ ಭಾರತದಿಂದ ಹೋದ ಎಷ್ಟೋ ದಾದಿಯರು ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಹಾಸನದ ಕಡೆಯಿಂದ ಹೋಗಿ ನೆಲೆಸಿದ ಅಂಥ ಒಂದು ಕುಟುಂಬವನ್ನು ಮನಸ್ಸಿನ ಮುಂದೆ ತಂದುಕೊಳ್ಳೋಣ. ಕುಟುಂಬ ಕಲ್ಪನೆಯದು, ಆದರೆ ದಿನ, ಸ್ಥಳ, ನಿಯಮ ಎಲ್ಲವೂ ನಿಜ.

ಆ ದಿನಗಳ ನಿಯಮ

ಕೊರೋನಾ ರೋಗ ಎರಡನೆಯ ಬಾರಿ ಏರತೊಡಗಿದಾಗ, ಅಕ್ಟೋಬರ್ 21ರ ಮಧ್ಯರಾತ್ರಿಯಿಂದ ಐರ್ಲೆಂಡ್ ಸರ್ಕಾರ ಐದನೆಯ ಹಂತದ ನಿರ್ಬಂಧವನ್ನು ಆರು ವಾರಗಳ ಕಾಲ ಜಾರಿಗೆ ತಂದಿತು. ವ್ಯಾಯಾಮಕ್ಕೆಂದು ಮನೆಯಿಂದ 5 ಕಿಲೋಮೀಟರ್‌ಗಿಂತ ದೂರ ಹೋಗುವಂತಿರಲಿಲ್ಲ. ಒಂಟಿಯಾಗಿ ಬಾಳುವಂಥ ಕೆಲವರನ್ನು ಬಿಟ್ಟರೆ, ಒಂದು ಮನೆಯವರು ಇನ್ನೊಂದು ಮನೆಗೆ ಹೋಗುವಂತಿರಲಿಲ್ಲ. ಶಾಲೆಗಳು ನಡೆಯುತ್ತಿದ್ದವು, ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ. ದೇವಾಲಯಗಳು ವೈಯಕ್ತಿಕ ಪ್ರಾರ್ಥನೆಗೆ ತೆರೆದಿದ್ದವು. ಆದರೆ ಜನರು ಸೇರಿ ಅರ್ಪಿಸುವ ಬಲಿಪೂಜೆ ಡಬ್ಲಿನ್‌ನಲ್ಲಿ ಸೆಪ್ಟೆಂಬರ್‌ನಲ್ಲೇ ನಿಂತಿತ್ತು. ಬಲಿಪೂಜೆಯನ್ನು ಪರದೆಯ ಮೇಲೆ ನೋಡಬೇಕಿತ್ತು.

ಲಸಿಕೆ ಇನ್ನೂ ಬಂದಿರಲಿಲ್ಲ. ಆ ದೇಶದಲ್ಲಿ ಮೊದಲ ಲಸಿಕೆ ಹಾಕಿದ್ದು ಡಿಸೆಂಬರ್ 29ರಂದು. ಊರಿಗೆ ಬರುವುದೂ ಸುಲಭವಿರಲಿಲ್ಲ. ಭಾರತ ಮಾರ್ಚ್ 23ರಂದು ನಿಲ್ಲಿಸಿದ ಎಂದಿನ ಅಂತರರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು.

ಶನಿವಾರ ಸಂಜೆ

ನಮ್ಮ ಕುಟುಂಬದ ತಂದೆ ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಆ ವಾರ ಕೆಲಸ ನಿಂತಿದೆ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಹಿಂದಿನ ಸಂಬಳವನ್ನು ನೋಡಿ ವಾರಕ್ಕೆ ಗರಿಷ್ಠ 350 ಯೂರೋ ಕೊಡುತ್ತಿದೆ. ಆದರೂ ಅವರ ಮುಖದಲ್ಲಿ ಗೆಲುವಿಲ್ಲ. ತಾಯಿ ದಾದಿ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಪಾಳಿ. ಮನೆಯವರಿಗೆ ಸೋಂಕು ತಗುಲಬಾರದೆಂದು ತಿಂಗಳುಗಳಿಂದ ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಮಗನಿಗೆ ಹದಿನೈದು, ಮಗಳಿಗೆ ಎಂಟು.

ಮರುವಾರ ಶಾಲೆಗೆ ರಜೆ. ಹೊರಗೆ ಎಲೆ ಉದುರುವ ಕಾಲ. ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ ಮಕ್ಕಳು ವೇಷ ಹಾಕಿ ಮನೆಮನೆ ಸುತ್ತುವ ಹ್ಯಾಲೋವೀನ್ ಪದ್ಧತಿ ಆ ವರ್ಷ ಬೇಡವೆಂದು ಹೇಳಲಾಗಿತ್ತು. ಮಗಳ ಸಮಾಧಾನಕ್ಕೆ ತಂದೆ ಬಾರ್ಮ್‌ಬ್ರಾಕ್ ಮಾಡಿದ್ದಾರೆ. ಅದು ಒಣದ್ರಾಕ್ಷಿ ಹಾಕಿದ ಅಲ್ಲಿನ ಸಿಹಿ ಬ್ರೆಡ್ಡು. ಒಳಗೆ ಒಂದು ಉಂಗುರವನ್ನು ಅಡಗಿಸಿಡುತ್ತಾರೆ.

ಊಟದ ಹೊತ್ತಿನಲ್ಲಿ ಮಗ ಹೇಳಿದ: "ಇವತ್ತು ರಾತ್ರಿ ಗಡಿಯಾರ ಹಿಂದಕ್ಕೆ ಹೋಗುತ್ತೆ. ಒಂದು ಗಂಟೆ ಫ್ರೀ!"

ಅವನು ಹೇಳಿದ್ದು ಸರಿ. ಐರ್ಲೆಂಡಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಬೆಳಗಿನ ಜಾವ 2 ಗಂಟೆಯಾದಾಗ ಗಡಿಯಾರವನ್ನು 1 ಗಂಟೆಗೆ ತಿರುಗಿಸುತ್ತಾರೆ. ಹಾಗಾಗಿ ಆ ದಿನಕ್ಕೆ 25 ಗಂಟೆ. ತಾಯಿ ನಕ್ಕು, ಏನೂ ಹೇಳದೆ ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟರು.

ಆ ಗಂಟೆ ಯಾರದು?

ಭಾನುವಾರ ಬೆಳಿಗ್ಗೆ ತಾಯಿ ಮನೆಗೆ ಬಂದು, ಬಟ್ಟೆಯನ್ನು ನೇರವಾಗಿ ವಾಷಿಂಗ್ ಮೆಷಿನ್‌ಗೆ ಹಾಕಿ, ಸ್ನಾನ ಮಾಡಿ ಮಲಗಿದರು. ಮಗಳು ಅಮ್ಮನಿಗೆಂದು ಎತ್ತಿಟ್ಟ ಬಾರ್ಮ್‌ಬ್ರಾಕ್ ತುಂಡನ್ನು ಬಾಗಿಲ ಬಳಿ ಇಟ್ಟಳು. ಪಕ್ಕದ ಕೋಣೆಯಲ್ಲಿ ಮಗ ಗೆಳೆಯರೊಡನೆ ಫೋನಿನಲ್ಲಿ ಆಟವಾಡುತ್ತಾ ಕೂಗುತ್ತಿದ್ದ. ಎರಡು ಸಲ ಗೋಡೆ ತಟ್ಟಿದ ಸದ್ದು ಬಂತು. ಮೂರನೆಯ ಸಲ ತಂದೆ ಒಳಗೆ ಬಂದರು.

"ಅಮ್ಮ ಮಲಗಿದ್ದಾಳೆ ಅಂತ ಗೊತ್ತಿಲ್ಲವೇನೋ?"

"ಇರೋದೇ ಈ ಮನೆ. ನಾನು ಇನ್ನೆಲ್ಲಿಗೆ ಹೋಗಲಿ?" ಮಗನಿಗೂ ಸಿಟ್ಟು ಬಂತು.

ಆ ಮಾತಿನಲ್ಲೂ ನೋವಿತ್ತು. ತಂದೆಗೆ ಅದು ತಿಳಿಯಿತು. ಅವರು ಬಯ್ಯಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಕೇಳಿದರು: "ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ನಿನ್ನೆಯ ರಾತ್ರಿ ಅಮ್ಮ ಎಷ್ಟು ಗಂಟೆ ನಿಂತಿದ್ದಳು, ಎಣಿಸು."

ಮಗ ಹನ್ನೆರಡು ಎನ್ನಲು ಹೋಗಿ ನಿಂತ. ಒಂದರಿಂದ ಎರಡರವರೆಗಿನ ಗಂಟೆ ಆ ರಾತ್ರಿ ಎರಡು ಸಲ ಬಂದಿತ್ತು. ಹದಿಮೂರು. ತನಗೆ ಪುಕ್ಕಟೆಯಾಗಿ ಸಿಕ್ಕ ಗಂಟೆಯನ್ನು ಅಮ್ಮ ಮುಖಗವಸು ಹಾಕಿಕೊಂಡು ರೋಗಿಗಳ ನಡುವೆ ನಿಂತು ಕಳೆದಿದ್ದಳು. ಅವನು ಫೋನನ್ನು ಆರಿಸಿ, ಕೆಳಗೆ ಹೋಗಿ ತಂಗಿಯ ಜೊತೆ ಕಾಗದದ ಮುಖವಾಡ ಕತ್ತರಿಸಲು ಕುಳಿತ. ಮನೆ ಮಧ್ಯಾಹ್ನದವರೆಗೆ ಸದ್ದಿಲ್ಲದೆ ಇತ್ತು.

ಅಜ್ಜಿ ಕಾದ ಗಂಟೆ

ಪ್ರತಿ ಭಾನುವಾರ ಮಧ್ಯಾಹ್ನ 3 ಗಂಟೆಗೆ ಹಾಸನದ ಅಜ್ಜಿಗೆ ಫೋನು. ಬೇಸಿಗೆಯ ಗಡಿಯಾರದಂತೆ ಆಗ ಊರಲ್ಲಿ ಸಂಜೆ ಏಳೂವರೆ. ಅಂದೂ ಮೂರಕ್ಕೇ ಫೋನು ಮಾಡಿದರು. ಆದರೆ ಅಲ್ಲಿನ ಗಡಿಯಾರ ಹಿಂದಕ್ಕೆ ಹೋಗಿತ್ತು, ಅಜ್ಜಿಯದು ಹೋಗಿರಲಿಲ್ಲ. ಊರಲ್ಲಿ ಎಂಟೂವರೆಯಾಗಿತ್ತು. ಅಜ್ಜಿ ಒಂದು ಗಂಟೆಯಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮಗಳು ಕೊರೋನಾ ವಾರ್ಡಿನಲ್ಲಿರುವಾಗ ಫೋನು ಬರದ ಒಂದು ಗಂಟೆ ಎಷ್ಟು ಉದ್ದವೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ.

"ಅಜ್ಜಿ, ನಾವು ಮರೆತೇಬಿಟ್ಟೆವು" ಎಂದ ಮೊಮ್ಮಗ.

"ಇರಲಿ ಬಿಡು ಮಗಾ. ಕಾಯ್ತಾ ಕಾಯ್ತಾ ಜಪಸರ ಮುಗಿಸಿದೆ. ನಿಮ್ಮಮ್ಮನ ಹೆಸರಲ್ಲೇ ಹೇಳಿದೆ. ಅವಳು ಊಟ ಮಾಡಿದಳಾ?"

ಮಾತು ಮುಗಿದ ಮೇಲೆ ಮಗ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಭಾನುವಾರಗಳ ಮೇಲೆಲ್ಲ "ಅಜ್ಜಿ - 2 ಗಂಟೆ" ಎಂದು ಬರೆದ.

ಶಿಲುಬೆಯ ಕೆಳಗೆ

ಆ ಕಾಲದಲ್ಲಿ ಅಲ್ಲಿ ಸಂಜೆ ಸುಮಾರು 5 ಗಂಟೆಗೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ನಾಲ್ವರೂ ಫೀನಿಕ್ಸ್ ಪಾರ್ಕಿನಲ್ಲಿ ಒಂದು ಸುತ್ತು ನಡೆದರು. 707 ಹೆಕ್ಟೇರ್ ವಿಸ್ತಾರದ ಆ ಉದ್ಯಾನ ಅವರ 5 ಕಿಲೋಮೀಟರಿನೊಳಗಿತ್ತು. ಕಂದು ಎಲೆಗಳ ರಾಶಿಯಲ್ಲಿ ಮಗಳು ಕಾಲಾಡಿಸುತ್ತಾ ಹೋದಳು. ದೂರದಲ್ಲಿ ಜಿಂಕೆಗಳು.

ಅಲ್ಲಿನ ಬಯಲಲ್ಲಿ ಸುಮಾರು 35 ಮೀಟರ್ ಎತ್ತರದ ಬಿಳಿಯ ಶಿಲುಬೆಯಿದೆ. 1979ರ ಸೆಪ್ಟೆಂಬರ್ 29ರಂದು ಜಗದ್ಗುರು ದ್ವಿತೀಯ ಜಾನ್ ಪಾಲರು ಅಲ್ಲಿ ಅರ್ಪಿಸಿದ ಬಲಿಪೂಜೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. 2018ರ ಆಗಸ್ಟ್ 26ರಂದು, ವಿಶ್ವ ಕುಟುಂಬ ಸಮ್ಮೇಳನದ ಮುಕ್ತಾಯದ ಬಲಿಪೂಜೆಯನ್ನು ಅಂದಿನ ಜಗದ್ಗುರು ಫ್ರಾನ್ಸಿಸರು ಅರ್ಪಿಸಿದ್ದೂ ಅಲ್ಲಿಯೇ. ಈಗ ಶಿಲುಬೆಯ ಕೆಳಗೆ ಈ ನಾಲ್ವರು. ಮಗ ಅಮ್ಮನ ಪಕ್ಕದಲ್ಲಿ ನಡೆಯುತ್ತಾ, "ರಾತ್ರಿ ತುಂಬಾ ಕಷ್ಟ ಆಯ್ತಾ?" ಎಂದು ಕೇಳಿದ. ತಿಂಗಳುಗಳ ನಂತರ ಅವನು ಕೇಳಿದ ಮೊದಲ ಪ್ರಶ್ನೆ ಅದು. ಆ ಪ್ರಶ್ನೆಗಾಗಿಯೇ ಕಾದಿದ್ದವರಂತೆ ತಾಯಿ ಮನೆ ತಲುಪುವವರೆಗೂ ಮಾತನಾಡಿದರು.

ಸಂಜೆ ಪರದೆಯ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಬಲಿಪೂಜೆಗೆ ಕುಳಿತರು. ಆ ಭಾನುವಾರದ ಮೊದಲ ವಾಚನ ವಿಮೋಚನಾಕಾಂಡದ 22ನೇ ಅಧ್ಯಾಯದಿಂದ: ಪರದೇಶಿಯನ್ನು ಪೀಡಿಸಬೇಡಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಆಜ್ಞೆ. ಶುಭಸಂದೇಶ ಮತ್ತಾಯನ 22ನೇ ಅಧ್ಯಾಯದ್ದು: ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವುದು, ನೆರೆಯವರನ್ನು ತನ್ನಂತೆಯೇ ಪ್ರೀತಿಸುವುದು. ನೆರೆಯವರು ಯಾರೆಂದು ಹುಡುಕಲು ಅಂದು ಆ ಮನೆಯವರು ದೂರ ಹೋಗಬೇಕಾಗಿರಲಿಲ್ಲ, ಹೋಗುವಂತೆಯೂ ಇರಲಿಲ್ಲ. ಗೋಡೆಯ ಆಚೆ ಮಲಗಿದ್ದವಳೇ ಮೊದಲ ನೆರೆಯವಳು.

ನಮಗೇನು ಪಾಠ?

ಮೊದಲನೆಯದು: ಒಂದೇ ಸೂರಿನ ಕೆಳಗಿರುವುದು ಬೇರೆ, ಒಟ್ಟಿಗಿರುವುದು ಬೇರೆ. ನಿರ್ಬಂಧ ಎಲ್ಲರನ್ನೂ ಒಂದು ಮನೆಯಲ್ಲಿ ಕೂರಿಸಿತು. ಮನಸ್ಸುಗಳನ್ನು ಹತ್ತಿರ ತಂದದ್ದು ನಿರ್ಬಂಧವಲ್ಲ, ತಂದೆಯ ತಾಳ್ಮೆ ಮತ್ತು ಮಗನ ಪ್ರಶ್ನೆ.

ಎರಡನೆಯದು: ನಮಗೆ ಬಿಡುವಾಗಿ ಬಂದ ಗಂಟೆ ಮನೆಯಲ್ಲಿ ಇನ್ನೊಬ್ಬರಿಗೆ ದುಡಿಮೆಯಾಗಿ, ಮತ್ತೊಬ್ಬರಿಗೆ ಕಾಯುವಿಕೆಯಾಗಿ ಬಂದಿರಬಹುದು. ರಜೆಯ ದಿನ ಎಲ್ಲರೂ ಆರಾಮವಾಗಿರುವಾಗ ಅಡಿಗೆಮನೆಯಲ್ಲಿ ನಿಂತಿರುವವರು ಯಾರು ಎಂದು ನೋಡಿದರೆ ಸಾಕು, ಇದು ಅರ್ಥವಾಗುತ್ತದೆ.

ಮೂರನೆಯದು: ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ದೇವಾಲಯದಲ್ಲಿ ಪೂಜೆಗೆ ಒಂದು ಹೊತ್ತು, ಒಂದು ಕ್ರಮ ಇರುವಂತೆ ಈ ಗೃಹಸಭೆಗೂ ಬೇಕು: ಮೌನಕ್ಕೆ ಒಂದು ಹೊತ್ತು, ಮಾತಿಗೆ ಒಂದು ಹೊತ್ತು, ಪ್ರಾರ್ಥನೆಗೆ ಒಂದು ಹೊತ್ತು, ದೂರದಲ್ಲಿ ಕಾಯುತ್ತಿರುವವರಿಗೆ ಒಂದು ಹೊತ್ತು.

ಆ ನಿರ್ಬಂಧಗಳು ಮುಗಿದು ವರ್ಷಗಳಾದವು. ಬಾಗಿಲುಗಳು ತೆರೆದವು, ನಮ್ಮ "ಸಮಯವಿಲ್ಲ" ಎಂಬ ಮಾತೂ ಹಿಂದಿರುಗಿತು. ದಿನಕ್ಕೆ 24 ಗಂಟೆಯೇ ಇರಲಿ. ಅದರಲ್ಲಿ ಒಂದನ್ನು ತೆಗೆದು ಮನೆಯವರ ಕೈಗೆ ಕೊಟ್ಟರೆ ಸಾಕು.

ಮನೆಯಲ್ಲಿ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ಭಾನುವಾರ ಅತಿ ಕಡಿಮೆ ವಿಶ್ರಾಂತಿ ಸಿಗುವುದು ಯಾರಿಗೆ? ಅವರ ಒಂದು ಕೆಲಸವನ್ನು ಈ ವಾರ ಯಾರು ವಹಿಸಿಕೊಳ್ಳುತ್ತೀರಿ?

2. ನಮ್ಮ ಫೋನಿಗಾಗಿ ಎಲ್ಲೋ ಕಾಯುತ್ತಿರುವವರು ಯಾರು? ಅವರಿಗೆ ಒಂದು ದಿನವನ್ನೂ ಹೊತ್ತನ್ನೂ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಬರೆಯಿರಿ.

3. ಮಕ್ಕಳು ತಂದೆತಾಯಿಯನ್ನು ಕೇಳಲಿ: "ಇವತ್ತು ಕೆಲಸ ಹೇಗಿತ್ತು?" ತಂದೆತಾಯಿ ಉತ್ತರವನ್ನು ಒಂದೇ ಮಾತಿನಲ್ಲಿ ಮುಗಿಸದಿರಲಿ.